ಮುಂದಿನ ಗಾಡಿಗೂ ನಮಗೂ ನಡುವೆ ಎಷ್ಟು ಅಡಿಕೆ ಮರ?

ಕಳೆದ ಸುಗ್ಗಿಯಲ್ಲಿ ನಮ್ಮ ಸದಸ್ಯರೊಬ್ಬರ ಪಿಕಪ್ ಗಾಡಿಯು ಅಡಿಕೆ ಮೂಟೆಗಳನ್ನು ಹೇರಿಕೊಂಡು ಮಿರ್ಲೆಯಿಂದ ಕೆ.ಆರ್. ನಗರದ ಕಡೆಗೆ ಹೋಗುತ್ತಿದ್ದಾಗ, ಮುಂದೆ ಹೋಗುತ್ತಿದ್ದ ಹುಲ್ಲಿನ ಲಾರಿಗೆ ಹಿಂದಿನಿಂದ ಗುದ್ದಿತು. ರಸ್ತೆಗೆ ಹಸುವೊಂದು ಅಡ್ಡ ಬಂದಿತೆಂದು ಲಾರಿಯವನು ನಿಲ್ಲಿಸಿದ್ದ. ಪಿಕಪ್ ಓಡಿಸುತ್ತಿದ್ದವನು ಸದಸ್ಯರ ಮಗ. ಮೊಣಕಾಲಿನ ಚಿಪ್ಪು ಒಡೆದು ನಾಲ್ಕು ತಿಂಗಳು ಮನೆಯಲ್ಲೇ ಮಲಗಬೇಕಾಯಿತು. ನೋಡಲು ಹೋದವರಿಗೆಲ್ಲ ಅವನು ಹೇಳುತ್ತಿದ್ದುದು ಒಂದೇ ಮಾತು: "ನಂದೇನೂ ತಪ್ಪಿಲ್ಲ ಅಣ್ಣಾ, ಅವ್ನು ಸಿಗ್ನಲ್ಲೂ ಕೊಡ್ದೆ ಗಕ್ಕನೆ ನಿಲ್ಲಿಸ್ಬುಟ್ಟ." ನಾವೂ ಹೌದಪ್ಪಾ ಎಂದು ತಲೆಯಾಡಿಸಿ, ಹಣ್ಣು ಕೊಟ್ಟು ಎದ್ದೆವು. ಬಾಗಿಲ ತನಕ ಬಂದ ಮೇಲೆ ನಮ್ಮಲ್ಲೊಬ್ಬರು ತಿರುಗಿ ನಿಂತು, "ಲಾರಿಗೂ ನಿಂಗೂ ನಡುವೆ ಎಷ್ಟು ಜಾಗ ಇತ್ತು ಮಗ?" ಎಂದು ಕೇಳಿದರು. ಹುಡುಗ ಸ್ವಲ್ಪ ಯೋಚಿಸಿ, "ಎರಡು ಮರದಷ್ಟಿತ್ತು ಅಣ್ಣಾ" ಎಂದ.

ತೋಟದವರ ಮನೆಯ ಹುಡುಗನಲ್ಲವೆ, ತೋಟದ ಅಳತೆಯಲ್ಲೇ ಹೇಳಿದ. ಅಡಿಕೆ ಸಾಲಿನಲ್ಲಿ ಮರದಿಂದ ಮರಕ್ಕೆ 9 ಅಡಿ, ಅಂದರೆ ಸುಮಾರು 2.7 ಮೀಟರ್ ಎಂಬುದು ನಮಗೆಲ್ಲ ಕಂಠಪಾಠ. ನಮ್ಮ ಕಛೇರಿಯಲ್ಲಿ ಗುಣಿ ಗುರುತು ಮಾಡಲು 9 ಅಡಿಗೊಂದು ಗಂಟು ಹಾಕಿದ ಹಗ್ಗವೂ ಇದೆ. ಅದನ್ನು ತೆಗೆದುಕೊಂಡು ಒಂದು ಬೆಳಿಗ್ಗೆ ಅಪಘಾತವಾದ ಜಾಗಕ್ಕೆ ಹೋಗಿ ರಸ್ತೆಯ ಅಂಚಿನಲ್ಲಿ ಎಳೆದು ನೋಡಿದೆವು. ಮೀಟರ್ ಲೆಕ್ಕ ಬಂದು ಇಷ್ಟು ಕಾಲವಾಗಿದ್ದರೂ ನಮ್ಮ ಕಣ್ಣು ಇನ್ನೂ ಅಡಿ, ಮಾರು, ಮರಗಳಲ್ಲೇ ಅಳೆಯುತ್ತದೆ. ಆದಕಾರಣ ಈ ಲೇಖನದಲ್ಲಿ ದೂರವನ್ನು ಮರಗಳ ಲೆಕ್ಕದಲ್ಲೇ ಹೇಳುತ್ತೇವೆ.

ಹುಡುಗನ ಗಾಡಿ ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿತ್ತಂತೆ. ಅದು ಹೆಚ್ಚಿನ ವೇಗವೇನೂ ಅಲ್ಲ. ಆದರೆ ಆ ವೇಗದಲ್ಲಿ ಗಾಡಿಯು ಒಂದು ಸೆಕೆಂಡಿಗೆ ಸುಮಾರು 14 ಮೀಟರ್, ಅಂದರೆ ಐದು ಮರದಷ್ಟು ದೂರ ಓಡುತ್ತದೆ. ಮುಂದಿನ ಗಾಡಿ ನಿಲ್ಲುತ್ತಿದೆ ಎಂಬುದನ್ನು ಕಣ್ಣು ಕಂಡು, ಅದು ತಲೆಗೆ ಹೊಕ್ಕು, ಕಾಲು ಆಕ್ಸಿಲರೇಟರಿನಿಂದ ಎದ್ದು ಬ್ರೇಕಿನ ಮೇಲೆ ಬೀಳಲು ಎಚ್ಚರವಾಗಿರುವ ಮನುಷ್ಯನಿಗೂ ಸುಮಾರು ಒಂದು ಸೆಕೆಂಡು ಬೇಕು. ಆ ಒಂದು ಸೆಕೆಂಡಿನಲ್ಲಿ ಗಾಡಿಯ ವೇಗ ಎಳ್ಳಷ್ಟೂ ತಗ್ಗಿರುವುದಿಲ್ಲ. ಹೀಗಿರುವಲ್ಲಿ ಎರಡು ಮರದ ಅಂತರವಿಟ್ಟುಕೊಂಡು ಹೋಗುವವನ ಕಾಲು ಬ್ರೇಕಿಗೆ ತಾಗುವ ಮೊದಲೇ ಆ ಎರಡು ಮರ ಮುಗಿದಿರುತ್ತದೆ. ಅವನ ಕೈಯಲ್ಲಿದ್ದುದು ಎರಡು ಮರ, ಖರ್ಚಾದುದು ಐದು. ಮೂರು ಮರದಷ್ಟು ಸಾಲ ಬಿತ್ತು. ಆ ಸಾಲವನ್ನು ಮೊಣಕಾಲಿನಲ್ಲಿ ತೀರಿಸಬೇಕಾಯಿತು.

ಇಲ್ಲಿ ಓದುಗರು ಒಂದು ಪ್ರಶ್ನೆ ಕೇಳಬಹುದು. ಮುಂದಿನ ಲಾರಿಯೂ ನಿಂತಲ್ಲೇ ಕಂಬದಂತೆ ನಿಲ್ಲುವುದಿಲ್ಲವಲ್ಲ, ಅದೂ ಬ್ರೇಕ್ ಹಾಕಿದ ಮೇಲೆ ಅಷ್ಟು ದೂರ ಹೋಗಿಯೇ ನಿಲ್ಲುತ್ತದೆ, ನಾವೂ ಅಷ್ಟೇ ದೂರ ಹೋಗಿ ನಿಲ್ಲುತ್ತೇವೆ, ಹಾಗಾದರೆ ಒಂದು ಸೆಕೆಂಡಿನ ಅಂತರ ಸಾಲದೆ? ಪ್ರಶ್ನೆ ಸರಿಯಾದುದೇ. ಎರಡು ಗಾಡಿಗಳ ವೇಗ, ಬ್ರೇಕು, ಟೈರು, ಹೊರೆ ಎಲ್ಲವೂ ಒಂದೇ ಸಮನಾಗಿದ್ದು, ಹಿಂದಿನವನ ಕಣ್ಣು ಅರೆಗಳಿಗೆಯೂ ಪಕ್ಕಕ್ಕೆ ಹೊರಳದಿದ್ದರೆ ಒಂದು ಸೆಕೆಂಡು ಸಾಕು. ಆದರೆ ಇವೆಲ್ಲ ಸಮನಾಗಿರುವುದನ್ನು ನಮ್ಮ ರಸ್ತೆಗಳಲ್ಲಿ ನಾವು ಕಂಡಿಲ್ಲ. ಮುಂದಿನದು ಖಾಲಿ ಕಾರು, ಹಿಂದಿನದು ಒಂದು ಟನ್ನಿಗಿಂತ ಹೆಚ್ಚು ಹೊರೆ ಹೊತ್ತ ಪಿಕಪ್ ಆಗಿದ್ದರೆ ಕಾರು ಬೇಗ ನಿಲ್ಲುತ್ತದೆ, ಪಿಕಪ್ ನಿಲ್ಲುವುದಿಲ್ಲ. ಇನ್ನೂ ಒಂದು ಮಾತಿದೆ. ಮುಂದಿನ ಗಾಡಿ ಬ್ರೇಕ್ ಹಾಕಿ ನಿಲ್ಲುವ ಬದಲು ಏನಕ್ಕಾದರೂ ಗುದ್ದಿ ನಿಂತರೆ, ಅದು ನಿಜವಾಗಿಯೂ ಇದ್ದಲ್ಲೇ ಕಂಬದಂತೆ ನಿಲ್ಲುತ್ತದೆ. ಆಗ ನಮ್ಮ ಗಾಡಿ ನಿಲ್ಲಲು ಬೇಕಾದ ಪೂರ್ತಿ ದೂರ ನಮ್ಮ ಮುಂದೆ ಇರಬೇಕು.

ಆ ಪೂರ್ತಿ ದೂರ ಎಷ್ಟು? ಒಳ್ಳೆಯ ಟೈರು, ಒಳ್ಳೆಯ ಬ್ರೇಕು, ಒಣಗಿದ ಡಾಂಬರು ರಸ್ತೆ ಎಂದಿಟ್ಟುಕೊಂಡರೆ, 50 ಕಿಲೋಮೀಟರ್ ವೇಗದಲ್ಲಿ ಬ್ರೇಕ್ ಹಿಡಿದ ನಂತರ ಗಾಡಿ ಮತ್ತೆ ಸುಮಾರು 14 ಮೀಟರ್ ಹೋಗಿ ನಿಲ್ಲುತ್ತದೆ. ಕಾಲು ಬ್ರೇಕಿಗೆ ಹೋಗಲು ಐದು ಮರ, ಗಾಡಿ ನಿಲ್ಲಲು ಇನ್ನೈದು ಮರ, ಒಟ್ಟು ಹತ್ತು. ವೇಗ ಏರಿದಂತೆ ಮೊದಲನೆಯದು ಅದೇ ಪ್ರಮಾಣದಲ್ಲಿ ಏರುತ್ತದೆ, ಎರಡನೆಯದು ಹಾಗಲ್ಲ. ವೇಗ ಎರಡರಷ್ಟಾದರೆ ನಿಲ್ಲುವ ದೂರ ನಾಲ್ಕರಷ್ಟಾಗುತ್ತದೆ. 30 ಕಿಲೋಮೀಟರ್ ವೇಗದಲ್ಲಿ ಬ್ರೇಕ್ ಹಿಡಿದ ಮೇಲೆ ಎರಡು ಮರದೊಳಗೆ ನಿಲ್ಲುವ ಗಾಡಿಯೇ 60ರಲ್ಲಿ ಏಳು ಮರ ದಾಟಿ ನಿಲ್ಲುತ್ತದೆ. ರಸ್ತೆ ನೆನೆದಿದ್ದರೆ ಇದು ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆಂದು ತಿಳಿಯತಕ್ಕದ್ದು.

ಇಷ್ಟೆಲ್ಲ ಲೆಕ್ಕವನ್ನು ಗಾಡಿ ಓಡಿಸುತ್ತಾ ಮಾಡಲು ಯಾರಿಂದಲೂ ಆಗದು. ಓಡುತ್ತಿರುವ ಗಾಡಿಯಲ್ಲಿ ಕುಳಿತು ದೂರವನ್ನು ಕಣ್ಣಂದಾಜಿನಲ್ಲಿ ಹೇಳುವುದೂ ಕಷ್ಟ. ಹುಡುಗ ಎರಡು ಮರ ಎಂದನಲ್ಲ, ಅದು ಒಂದೂವರೆ ಆಗಿದ್ದರೂ ಇದ್ದಿರಬಹುದು. ಅದಕ್ಕಾಗಿ ದೂರವನ್ನು ಬಿಟ್ಟು ಹೊತ್ತನ್ನು ಅಳೆಯುವ ಉಪಾಯವೊಂದು ಅನೇಕ ದೇಶಗಳಲ್ಲಿ ಬಳಕೆಯಲ್ಲಿದೆ. ಬ್ರಿಟನ್ನಿನಲ್ಲಿ ಒಣ ರಸ್ತೆಗೆ ಕನಿಷ್ಠ ಎರಡು ಸೆಕೆಂಡು, ನೆನೆದ ರಸ್ತೆಗೆ ಅದರ ಇಮ್ಮಡಿ ಎಂದು ಕಲಿಸುತ್ತಾರೆ. ಜರ್ಮನಿಯಲ್ಲಿ ಸ್ಪೀಡಾಮೀಟರು ತೋರಿಸುವ ಅಂಕಿಯ ಅರ್ಧದಷ್ಟು ಮೀಟರ್ ಅಂತರ ಬಿಡಬೇಕೆಂಬ ರೂಢಿಯಿದೆ. ಲೆಕ್ಕ ಹಾಕಿದರೆ ಅದೂ ಎರಡು ಸೆಕೆಂಡಿಗೆ ಸಮೀಪವೇ ಬರುತ್ತದೆ. ಹಸು, ಎಮ್ಮೆ, ಹಂಪು, ಗುಂಡಿ ಎಲ್ಲವೂ ಇರುವ ನಮ್ಮ ರಸ್ತೆಗಳಿಗೆ ಮೂರು ಸೆಕೆಂಡು ಬೇಕೆಂಬುದು ನಮ್ಮ ಅಭಿಪ್ರಾಯ.

ಅದನ್ನು ಎಣಿಸುವ ಕ್ರಮ ಹೀಗೆ. ಮುಂದೆ ರಸ್ತೆಯ ಪಕ್ಕದಲ್ಲಿ ಒಂದು ಲೈಟ್ ಕಂಬವನ್ನೋ, ಮೋರಿಯ ಕಟ್ಟೆಯನ್ನೋ, ಹುಣಸೆ ಮರವನ್ನೋ ಗುರುತಿಟ್ಟುಕೊಳ್ಳಬೇಕು. ಮುಂದಿನ ಗಾಡಿಯ ಹಿಂಭಾಗ ಅದನ್ನು ದಾಟಿದ ಕೂಡಲೆ "ಸಾವಿರದ ಒಂದು, ಸಾವಿರದ ಎರಡು, ಸಾವಿರದ ಮೂರು" ಎಂದು ಮಾತನಾಡುವ ವೇಗದಲ್ಲಿ ಹೇಳಬೇಕು. ಒಂದೊಂದಕ್ಕೆ ಸುಮಾರು ಒಂದು ಸೆಕೆಂಡು ಹಿಡಿಯುತ್ತದೆ, ಮನೆಯಲ್ಲಿ ಗಡಿಯಾರ ಇಟ್ಟುಕೊಂಡು ಅಭ್ಯಾಸ ಮಾಡಬಹುದು. ಮೂರು ಮುಗಿಯುವ ಮೊದಲೇ ನಮ್ಮ ಗಾಡಿಯ ಮೂತಿ ಕಂಬದ ಬಳಿಗೆ ಬಂದರೆ ನಾವು ಹತ್ತಿರವಿದ್ದೇವೆಂದು ಅರ್ಥ. ಬ್ರೇಕ್ ಹಾಕಬೇಕಿಲ್ಲ. ಆಕ್ಸಿಲರೇಟರಿನಿಂದ ಕಾಲನ್ನು ಸ್ವಲ್ಪ ಎತ್ತಿದರೆ ಅಂತರ ತಾನೇ ಬೆಳೆಯುತ್ತದೆ. ಈ ಎಣಿಕೆಯ ಗುಣವೇನೆಂದರೆ ವೇಗ ಎಷ್ಟೇ ಇರಲಿ, ಎಣಿಕೆ ಬದಲಾಗುವುದಿಲ್ಲ. 50ರ ವೇಗದಲ್ಲಿ ಈ ಮೂರು ಸೆಕೆಂಡಿಗೆ ಹದಿನೈದು ಮರ, 60ರಲ್ಲಿ ಹದಿನೆಂಟು, 80ರಲ್ಲಿ ಇಪ್ಪತ್ತನಾಲ್ಕು. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಕಾರು 100ರಲ್ಲಿ ಹೋಗುತ್ತಿದ್ದರೆ ಮೂವತ್ತು ಮರ. ಮೂವತ್ತು ಮರದ ಸಾಲೆಂದರೆ ನಮ್ಮಲ್ಲಿ ಹಲವರ ತೋಟದ ಒಂದು ಬದಿಯಿಂದ ಇನ್ನೊಂದು ಬದಿ. ಅಷ್ಟು ಅಂತರ ಬಿಟ್ಟು ಹೋಗುವ ಕಾರು ಅಲ್ಲಿ ಎಷ್ಟಿವೆ ಎಂದು ಒಂದು ಸಲ ನೋಡಿರಿ.

"ಅಷ್ಟು ಜಾಗ ಬಿಟ್ಟರೆ ಇನ್ನೊಬ್ಬ ತಂದು ನುಗ್ಗಿಸುತ್ತಾನೆ" ಎಂಬ ಆಕ್ಷೇಪಣೆ ಎಲ್ಲೆಲ್ಲೂ ಕೇಳಿಬರುತ್ತದೆ. ನುಗ್ಗಿಸುತ್ತಾನೆ, ಸತ್ಯ. ನುಗ್ಗಿಸಿದಾಗ ನಾವು ಮತ್ತೆ ಮೂರು ಸೆಕೆಂಡಿನಷ್ಟು ಹಿಂದೆ ಸರಿಯಬೇಕು. ಮಿರ್ಲೆಯಿಂದ ಮೈಸೂರಿಗೆ ಹೋಗುವಷ್ಟರಲ್ಲಿ ಇಪ್ಪತ್ತು ಮಂದಿ ಹೀಗೆ ನುಗ್ಗಿದರೆಂದು ಇಟ್ಟುಕೊಳ್ಳೋಣ. ನಮಗೆ ಆದ ನಷ್ಟ ಒಟ್ಟು ಅರವತ್ತು ಸೆಕೆಂಡು, ಒಂದು ನಿಮಿಷ. ದಾರಿಯಲ್ಲಿ ಕಾಫಿ ಕುಡಿಯಲು ನಿಂತರೆ ಲೋಟ ಆರಿಸಲೇ ಅದಕ್ಕಿಂತ ಹೆಚ್ಚು ಹೊತ್ತು ಬೇಕು.

ಇನ್ನು ಮುಂದಿನ ಗಾಡಿಯನ್ನು ಹಿಂದೆ ಹಾಕಬೇಕೆಂದು ಅದರ ಬಾಲಕ್ಕೆ ಅಂಟಿಕೊಳ್ಳುವವರು ಉಂಟು. ಇದು ತಮಗೆ ತಾವೇ ಕಣ್ಣಿಗೆ ಬಟ್ಟೆ ಕಟ್ಟಿಕೊಂಡಂತೆ. ಕಬ್ಬು ತುಂಬಿದ ಟ್ರ್ಯಾಕ್ಟರಿನ ಹಿಂದೆ ಎರಡು ಮರದ ದೂರದಲ್ಲಿದ್ದರೆ ಕಾಣುವುದು ಕಬ್ಬು ಮಾತ್ರ, ಎದುರು ರಸ್ತೆ ಕಾಣಬೇಕಾದರೆ ಗಾಡಿಯ ಅರ್ಧವನ್ನು ಬಲಕ್ಕೆ ಹಾಕಿ ಇಣುಕಬೇಕು. ಹದಿನೈದು ಮರ ಹಿಂದಿದ್ದರೆ ಕುಳಿತಲ್ಲಿಂದಲೇ ಹೊರೆಯ ಪಕ್ಕದಲ್ಲಿ ಮುಂದಿನ ರಸ್ತೆ ಸಾಕಷ್ಟು ದೂರ ಕಾಣುತ್ತದೆ. ದ್ವಿಚಕ್ರ ವಾಹನದವರಿಗೆ ಇದು ಇನ್ನೂ ಮುಖ್ಯ. ಕಾರಿನ ನಾಲ್ಕು ಚಕ್ರಗಳ ನಡುವೆ ಸಲೀಸಾಗಿ ಹಾದುಹೋಗುವ ಗುಂಡಿಯು ಹಿಂದೆ ಹತ್ತಿರದಲ್ಲಿ ಬರುವ ಬೈಕಿನ ಮುಂಚಕ್ರಕ್ಕೆ ಏಕಾಏಕಿ ಎದುರಾಗುತ್ತದೆ.

ನಮ್ಮ ಸೀಮೆಯ ರಸ್ತೆಗಳಿಗೇ ವಿಶೇಷವಾದ ಕೆಲವು ಸಂದರ್ಭಗಳನ್ನು ಇಲ್ಲಿ ಹೇಳಲೇಬೇಕು. ಮೊದಲನೆಯದಾಗಿ ಹೊರೆ. ನಾವು ಹಗ್ಗ ಹಿಡಿದುಕೊಂಡು ಅಪಘಾತದ ಜಾಗದಲ್ಲಿ ನಿಂತಿದ್ದಾಗಲೇ ಎರಡು ಹುಲ್ಲಿನ ಲಾರಿಗಳು ಹಾದುಹೋದವು. ಎರಡರಲ್ಲೂ ಹುಲ್ಲು ಹಿಂದಕ್ಕೂ ಕೆಳಕ್ಕೂ ಜೋತುಬಿದ್ದು ಕೆಂಪು ದೀಪಗಳು ಪೂರ್ತಿ ಮುಚ್ಚಿಹೋಗಿದ್ದವು. ಸಿಗ್ನಲ್ ಕೊಡಲಿಲ್ಲ ಎಂದು ನಮ್ಮ ಹುಡುಗ ದೂರಿದನಲ್ಲ, ಅಂದಿನ ಲಾರಿಯವನೂ ಬ್ರೇಕ್ ಒತ್ತಿದಾಗ ದೀಪ ಹತ್ತಿದ್ದಿರಬಹುದು, ಅದು ಹುಲ್ಲಿನೊಳಗೆ ಉರಿದಿರಬಹುದು. ಹಿಂದಿನ ದೀಪ ಕಾಣದ ಗಾಡಿಯ ಹಿಂದೆ ಹೋಗುವಾಗ ಮೂರರ ಬದಲು ನಾಲ್ಕು ಎಣಿಸುವುದು ವಿಹಿತ. ಕಬ್ಬಿನ ಟ್ರೇಲರುಗಳದ್ದು ಬೇರೆಯದೇ ಕಥೆ. ಹಗಲಿನಲ್ಲಿ ಅವು ನಿಧಾನವಾಗಿ ಹೋಗುತ್ತವೆಂಬುದೇ ಅಪಾಯ, ರಾತ್ರಿಯಲ್ಲಿ ಅವು ಪಂಕ್ಚರಾಗಿ ದೀಪವಿಲ್ಲದೆ ನಿಂತಿರುತ್ತವೆಂಬುದು ಅಪಾಯ. ಡಿಮ್ ಲೈಟಿನಲ್ಲಿ ಕಾಣುವ ದೂರವೆಷ್ಟೋ ಅಷ್ಟರೊಳಗೆ ನಿಲ್ಲಬಲ್ಲ ವೇಗದಲ್ಲಿ ಹೋಗುವುದನ್ನು ಬಿಟ್ಟರೆ ಇದಕ್ಕೆ ಬೇರೆ ದಾರಿಯಿಲ್ಲ. ಟ್ರೇಲರ್ ಇರುವ ಸದಸ್ಯರು ಹಿಂಬದಿಗೆ ಕೆಂಪು ರೇಡಿಯಂ ಪಟ್ಟಿ ಅಂಟಿಸಿ, ವಾರಕ್ಕೊಮ್ಮೆ ಅದರ ಮೇಲಿನ ಕೆಸರನ್ನು ಒರೆಸಬೇಕು. ಕೆಸರು ಮೆತ್ತಿದ ರೇಡಿಯಂ ಇದ್ದೂ ಇಲ್ಲದಂತೆಯೆ.

ಎರಡನೆಯದು ರಸ್ತೆಯ ಮೇಲಿನ ಒಕ್ಕಣೆ. ಹುರುಳಿ, ರಾಗಿ ಕೊಯ್ಲಿನ ಕಾಲದಲ್ಲಿ ಡಾಂಬರು ರಸ್ತೆಯೇ ನಮ್ಮ ಕಣವಾಗಿಬಿಡುತ್ತದೆ. ಇದನ್ನು ಮಾಡುವವರು ಹೊರಗಿನವರಲ್ಲ, ನಮ್ಮವರೇ. ಹರಡಿದ ಹುರುಳಿ ಬಳ್ಳಿಯ ಮೇಲೆ ಟೈರಿಗೆ ಹಿಡಿತವೇ ಸಿಗುವುದಿಲ್ಲ, ಅಲ್ಲಿ ಬ್ರೇಕ್ ಒತ್ತಿದ ಬೈಕು ಪಕ್ಕಕ್ಕೆ ಜಾರುತ್ತದೆ. ಕಣ ಬೇರೆ ಮಾಡಿಕೊಳ್ಳಿ ಎಂದು ಈ ಪುಟಗಳಲ್ಲಿ ಹೇಳಿದರೆ ಕೆಲವರಿಗೆ ಕೋಪ ಬರುತ್ತದೆಂದು ಬಲ್ಲೆವು. ಆದರೂ ಹೇಳುತ್ತೇವೆ.

ಮೂರನೆಯದು ಮಳೆ. ಮಾರ್ಚ್, ಏಪ್ರಿಲ್ ತಿಂಗಳಲ್ಲಿ ಬೀಳುವ ಹೂಮಳೆಗಾಗಿ ಕಾಫಿ ಬೆಳೆಗಾರರು ಆಕಾಶ ನೋಡುತ್ತಾ ಕಾಯುತ್ತಾರೆ. ತೋಟಕ್ಕೆ ಅಮೃತವಾದ ಆ ಮಳೆಯೇ ರಸ್ತೆಗೆ ಕೇಡು. ತಿಂಗಳುಗಟ್ಟಲೆ ರಸ್ತೆಯ ಮೇಲೆ ಕೂತ ಎಣ್ಣೆ, ರಬ್ಬರು, ಧೂಳು ಮೊದಲ ಹನಿಗಳೊಡನೆ ಕಲೆತು ಲೋಳೆಯಾಗುತ್ತದೆ. ಜೋರಾಗಿ ಸುರಿದು ರಸ್ತೆ ತೊಳೆದ ನಂತರದ ಹೊತ್ತಿಗಿಂತ ಮೊದಲ ಹದಿನೈದು ಇಪ್ಪತ್ತು ನಿಮಿಷಗಳಲ್ಲಿ ಹೆಚ್ಚು ಜಾರುತ್ತದೆ. ಆಗ ಆರು ಎಣಿಸಿದರೂ ಹೆಚ್ಚಲ್ಲ. ಕೊಡಗಿನ ಕಾಫಿ ಇಳಿಯುವ ಕುಶಾಲನಗರ, ಪಿರಿಯಾಪಟ್ಟಣ, ಹುಣಸೂರು ಹಾದಿಯಲ್ಲಿ ಚಳಿಗಾಲದ ಬೆಳಗ್ಗೆ ಮಂಜು ಕವಿದಾಗಲೂ ಇದೇ ಮಾತು. ಮಂಜಿನಲ್ಲಿ ಮುಂದಿನ ಲಾರಿಯ ಕೆಂಪು ದೀಪವನ್ನೇ ಹಿಡಿದುಕೊಂಡು ಹೋದರೆ ದಾರಿ ತಪ್ಪುವುದಿಲ್ಲವೆಂಬ ನಂಬಿಕೆ ಹಲವರಿಗಿದೆ. ದಾರಿ ತಪ್ಪುವುದಿಲ್ಲ, ಆದರೆ ಆ ಲಾರಿ ನಿಂತರೆ ನಾವೂ ಅದರೊಳಗೇ ನಿಲ್ಲುತ್ತೇವೆ. ಮಡಿಕೇರಿಯಿಂದ ಸಂಪಾಜೆ ಕಡೆಗೆ ಘಾಟಿ ಇಳಿಯುವವರು ಹೊರೆ ಗಾಡಿಯ ಬ್ರೇಕ್ ಕಾದು ಹಿಡಿತ ತಪ್ಪುವುದನ್ನೂ ಲೆಕ್ಕಕ್ಕೆ ತೆಗೆದುಕೊಂಡು, ಗೇರಿನಲ್ಲೇ ವೇಗ ತಡೆದು, ಅಂತರವನ್ನು ಹೆಚ್ಚಿಸಬೇಕು.

ಹೆಗ್ಗಡದೇವನಕೋಟೆಯ ಕಡೆಯ ಸದಸ್ಯರಿಗೆ ಪ್ರತ್ಯೇಕವಾಗಿ ಒಂದು ಮಾತು. ಕಾಕನಕೋಟೆ ಕಾಡಿನ ನಡುವೆ ಬಾವಲಿ ಕಡೆಗೆ ಹೋಗುವ ರಸ್ತೆ ರಾತ್ರಿ ಹೊತ್ತು ಮುಚ್ಚಿರುತ್ತದೆ, ಹಗಲಿನಲ್ಲಿ ತೆರೆದಿರುತ್ತದೆ. ಅಲ್ಲಿ ಆನೆ ಎದುರಾದರೆ ಮುಂದಿನ ಗಾಡಿ ನಿಲ್ಲುವುದಷ್ಟೇ ಅಲ್ಲ, ಹಿಂದಕ್ಕೂ ಬರುತ್ತದೆ. ಅದರ ಬೆನ್ನಿಗೇ ನಾವು ನಿಂತಿದ್ದರೆ ಅವರಿಗೆ ಹಿಂದೆ ಸರಿಯಲು ಜಾಗವಿಲ್ಲದೆ ಇಬ್ಬರೂ ಸಿಕ್ಕಿಬೀಳುತ್ತೇವೆ. ಏರಿನಲ್ಲಿ ನಿಂತಾಗಲೂ ಹೊರೆ ಲಾರಿ ಕ್ಲಚ್ ಬಿಡುವ ಮುನ್ನ ಒಂದೆರಡು ಅಡಿ ಹಿಂದೆ ಉರುಳುವುದುಂಟು. ನಿಂತಾಗ ಮುಂದಿನ ಗಾಡಿಯ ಹಿಂಚಕ್ರ ನೆಲ ಮುಟ್ಟಿರುವುದು ನಮ್ಮ ಸೀಟಿನಿಂದ ಕಾಣುವಷ್ಟಾದರೂ ಜಾಗ ಬಿಟ್ಟಿರಬೇಕು.

ಹಳ್ಳಿಗೊಂದರಂತೆ, ಕೆಲವೆಡೆ ಮನೆಗೊಂದರಂತೆ ಬಿದ್ದಿರುವ ಬಣ್ಣವಿಲ್ಲದ ಹಂಪುಗಳ ವಿಷಯ ಬರೆಯಲು ಹೊರಟರೆ ಈ ಸಂಚಿಕೆ ಸಾಲದು. ಹೊಸಬನ ಕಾರಿನ ಹಿಂದೆ ಇದ್ದರೆ ಅವನು ಪ್ರತಿ ಹಂಪಿನಲ್ಲೂ ಕೊನೆಯ ಗಳಿಗೆಯಲ್ಲಿ ಬ್ರೇಕ್ ಹಾಕುತ್ತಾನೆಂದೇ ಭಾವಿಸಿ ಹೋಗಬೇಕು.

ಇಷ್ಟಾದ ಮೇಲೆ ಕಾನೂನಿನ ಮಾತು. ಮುಂದಿನ ಗಾಡಿ ಹಠಾತ್ತನೆ ನಿಧಾನವಾದರೂ ನಿಂತರೂ ಡಿಕ್ಕಿಯಾಗದಷ್ಟು ದೂರವನ್ನು ಹಿಂದಿನ ಚಾಲಕನು ಕಾಯ್ದುಕೊಳ್ಳಬೇಕೆಂದು 1989ರ ರಸ್ತೆ ನಿಯಮಗಳ 23ನೆಯ ನಿಯಮವೇ ಹೇಳಿತ್ತು. ಅವುಗಳ ಬದಲಿಗೆ 2017ರಲ್ಲಿ ಬಂದ ಚಾಲನಾ ನಿಯಮಗಳಲ್ಲೂ ಈ ಹೊಣೆ ಹಿಂದಿನವನ ಮೇಲೆಯೇ ಇದೆ. ಎಷ್ಟು ದೂರವೆಂದು ಹಳೆಯ ನಿಯಮದಲ್ಲಿ ಅಡಿ, ಮೀಟರ್ ಹೇಳಿರಲಿಲ್ಲ. 2018ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮುಂದೆ ಒಂದು ಮೊಕದ್ದಮೆ ಬಂತು. ಲಾರಿಯೊಂದು ಹಠಾತ್ತನೆ ಬ್ರೇಕ್ ಹಾಕಿದಾಗ ಹಿಂದಿದ್ದ ಕಾರು ಗುದ್ದಿತ್ತು. ಎರಡರ ನಡುವೆ ಇದ್ದುದು 10–15 ಅಡಿ. ಒಳ್ಳೆಯ ಪರಿಸ್ಥಿತಿಯಲ್ಲೂ ಕನಿಷ್ಠ ಎರಡು ಮೂರು ಸೆಕೆಂಡಿನ ಅಂತರವಾದರೂ ಇರಬೇಕು, 10–15 ಅಡಿ ಸುರಕ್ಷಿತ ಅಂತರವೇ ಅಲ್ಲ, ತಪ್ಪು ಕಾರಿನ ಚಾಲಕನದು ಎಂದು ನ್ಯಾಯಾಲಯ ಹೇಳಿತು. 15 ಅಡಿಯೆಂದರೆ ನಮ್ಮ ಲೆಕ್ಕದಲ್ಲಿ ಎರಡು ಮರವೂ ಆಗಲಿಲ್ಲ.

ಇದರಿಂದ ಮುಂದಿನವನು ಬೇಕಾದಂತೆ ನಿಲ್ಲಿಸಬಹುದೆಂದು ಯಾರೂ ತಿಳಿಯಕೂಡದು. 2017ರ ಜನವರಿಯಲ್ಲಿ ಕೊಯಮತ್ತೂರಿನಲ್ಲಿ ಕಾರೊಂದು ಸೂಚನೆ ಕೊಡದೆ ಹೆದ್ದಾರಿಯ ನಡುವೆ ನಿಂತು, ಹಿಂದೆ ಬರುತ್ತಿದ್ದ ಬೈಕಿನ ವಿದ್ಯಾರ್ಥಿ ಅದಕ್ಕೆ ಗುದ್ದಿ ಬಿದ್ದು, ಅವನ ಕಾಲಿನ ಮೇಲೆ ಬಸ್ಸು ಹರಿದು ಕಾಲನ್ನೇ ತೆಗೆಯಬೇಕಾಯಿತು. ಹೆಂಡತಿಗೆ ವಾಂತಿ ಬಂದಂತಾಯಿತೆಂದು ನಿಲ್ಲಿಸಿದೆ ಎಂಬ ಕಾರಿನವನ ಸಮಜಾಯಿಷಿಯನ್ನು ಸರ್ವೋಚ್ಚ ನ್ಯಾಯಾಲಯ 2025ರ ಜುಲೈ ತೀರ್ಪಿನಲ್ಲಿ ಒಪ್ಪಲಿಲ್ಲ. ಹೊಣೆಯನ್ನು ಕಾರಿಗೆ ನೂರಕ್ಕೆ 50, ಬಸ್ಸಿಗೆ 30 ಎಂದು ಹಂಚಿತು. ಉಳಿದ 20 ಕಾಲು ಕಳೆದುಕೊಂಡ ಆ ಹುಡುಗನ ಪಾಲಿಗೇ ಬಂತು. ಮುಂದಿನ ಗಾಡಿಯಿಂದ ಸಾಕಷ್ಟು ಅಂತರ ಬಿಡದಿದ್ದುದು, ಲೈಸೆನ್ಸ್ ಇಲ್ಲದಿದ್ದುದು ಅದಕ್ಕೆ ಕಾರಣ. ಆದುದರಿಂದ ನಿಲ್ಲಿಸುವವರು ಮೊದಲೇ ಬ್ರೇಕನ್ನು ಎರಡು ಸಲ ಮೃದುವಾಗಿ ಮುಟ್ಟಿ ದೀಪ ತೋರಿಸಿ, ಎಡಕ್ಕೆ ಸರಿದು, ಆಮೇಲೆ ನಿಲ್ಲಿಸಬೇಕು.

ಆದರೆ ನಮ್ಮ ಸದಸ್ಯರು ಹೆಚ್ಚಾಗಿ ಗಮನಿಸಬೇಕಾದುದು ನಮ್ಮ ರಾಜ್ಯದ್ದೇ ಇನ್ನೊಂದು ಮೊಕದ್ದಮೆ, 2009ರಲ್ಲಿ ಸರ್ವೋಚ್ಚ ನ್ಯಾಯಾಲಯದಲ್ಲಿ ತೀರ್ಮಾನವಾದುದು. ಇಳಕಲ್ಲಿನಿಂದ ಗೂಡೂರಿಗೆ ಒಬ್ಬರು ಬೇರೆಯವರಿಂದ ಕೇಳಿ ಪಡೆದ ಮೋಟಾರ್ ಸೈಕಲ್ಲಿನಲ್ಲಿ ಹೋಗುತ್ತಿದ್ದರು. ಮುಂದೆ ಕಬ್ಬಿಣದ ತಗಡು ಹೇರಿಕೊಂಡ ಎತ್ತಿನ ಗಾಡಿಯೊಂದು ಹೋಗುತ್ತಿತ್ತು. ಅದು ಹಠಾತ್ತನೆ ನಿಂತಿತು. ಮೋಟಾರ್ ಸೈಕಲ್ ಅದಕ್ಕೆ ಬಡಿದು, ಸವಾರರು ಪ್ರಾಣ ಬಿಟ್ಟರು. ಎತ್ತಿನ ಗಾಡಿಗಿಂತ ನಿಧಾನವಾದ ವಾಹನ ಬೇರೊಂದಿಲ್ಲ. ಅದು ನಿಂತುದಕ್ಕೂ ಒಬ್ಬ ಮನುಷ್ಯ ಸತ್ತನೆಂದರೆ ನಡುವಿನ ಅಂತರ ಎಷ್ಟಿದ್ದಿತೆಂದು ಊಹಿಸಬಹುದು. ಮೋಟಾರ್ ಸೈಕಲ್ಲಿಗೆ ವಿಮೆ ಇತ್ತು. ಮಡದಿ ಪರಿಹಾರ ಕೇಳಿದರು. ಎರವಲು ಪಡೆದು ಓಡಿಸಿದವನು ಮಾಲೀಕನ ಸ್ಥಾನದಲ್ಲೇ ನಿಂತಂತೆ, ಮಾಲೀಕನು ತನ್ನದೇ ಗಾಡಿಯ ವಿಮೆಯಿಂದ ಮೂರನೆಯವನಂತೆ ಪರಿಹಾರ ಪಡೆಯಲು ಬಾರದು ಎಂದು ನ್ಯಾಯಾಲಯವು ಅವರು ಕೇಳಿದ್ದ ಕಲಮಿನ ಅಡಿಯಲ್ಲಿ ಪರಿಹಾರ ಕೊಡಲಿಲ್ಲ. ಬೇರೆ ಕಲಮಿನ ಅಡಿಯಲ್ಲಿ ನೋಡಿರೆಂದು ಹೈಕೋರ್ಟಿಗೆ ಹಿಂದಿರುಗಿಸಿತು.

ನಮ್ಮ ಊರುಗಳಲ್ಲಿ ಗಾಡಿ ಯಾರ ಹೆಸರಿನಲ್ಲಿರುತ್ತದೆ, ಓಡಿಸುವವರು ಯಾರು ಎಂಬುದನ್ನು ಯೋಚಿಸಿರಿ. ತಂದೆಯ ಹೆಸರಿನಲ್ಲಿ ಗಾಡಿ, ಓಡಿಸುವವನು ಮಗ, ಇಲ್ಲವೆ ಅಳಿಯ, ಇಲ್ಲವೆ ಪಕ್ಕದ ತೋಟದವನು. ಬರಿಯ ಥರ್ಡ್ ಪಾರ್ಟಿ ವಿಮೆಯು ಎದುರಿನವರ ನಷ್ಟಕ್ಕೆ, ನಮ್ಮ ಕೈಕಾಲಿಗಲ್ಲ. ಮಾಲೀಕ–ಚಾಲಕರಿಗೆಂದು 15 ಲಕ್ಷ ರೂಪಾಯಿಯ ವೈಯಕ್ತಿಕ ಅಪಘಾತ ವಿಮೆ ಇದೆ. ಅದು ಗಾಡಿ ಯಾರ ಹೆಸರಿನಲ್ಲಿದೆಯೋ ಅವರೇ ಚಾಲ್ತಿ ಲೈಸೆನ್ಸ್ ಇಟ್ಟುಕೊಂಡು ಓಡಿಸುತ್ತಿದ್ದಾಗ ಅವರ ಸಾವಿಗೆ ಮತ್ತು ಅಂಗವೈಕಲ್ಯಕ್ಕೆ ಅನ್ವಯಿಸುತ್ತದೆ. ನಮ್ಮ ಹುಡುಗನ ಪಿಕಪ್ ತಂದೆಯ ಹೆಸರಿನಲ್ಲಿತ್ತು. ಫುಲ್ ಇನ್ಶೂರೆನ್ಸ್ ಇದ್ದುದರಿಂದ ಗಾಡಿಯ ಮೂತಿ ಹೊಸದಾಯಿತು, ಮೊಣಕಾಲಿನ ಖರ್ಚು ಮನೆಯ ಮೇಲೆ ಬಿತ್ತು, ಆ ವರ್ಷದ ಅಡಿಕೆ ಹಣದಲ್ಲಿ ದೊಡ್ಡ ಪಾಲು ಅದಕ್ಕೇ ಹೋಯಿತು. ಮಗನೋ ಅಳಿಯನೋ ಓಡಿಸುವ ಗಾಡಿಯಿರುವ ಸದಸ್ಯರು ಪಾಲಿಸಿ ನವೀಕರಿಸುವಾಗ ಚಾಲಕನಿಗೆ ಮತ್ತು ಒಳಗೆ ಕುಳಿತವರಿಗೆ ಬೇರೆಯಾಗಿ ಅಪಘಾತ ವಿಮೆ ಸೇರಿಸಲು ಬರುವುದೇ ಎಂದು ಏಜೆಂಟರನ್ನು ಕೇಳಿ ತಿಳಿಯುವುದು ಲೇಸು.

ಇದು ನಮ್ಮೊಬ್ಬರ ಊರಿನ ಕಥೆಯಲ್ಲ. 2022ರಲ್ಲಿ ದೇಶದ ರಸ್ತೆ ಅಪಘಾತಗಳಲ್ಲಿ ಸತ್ತವರು 1,68,491 ಮಂದಿ. ಆ ವರ್ಷದ ಅಪಘಾತಗಳಲ್ಲಿ ಐದಕ್ಕೊಂದಕ್ಕಿಂತ ಹೆಚ್ಚು ಹಿಂದಿನಿಂದ ಗುದ್ದಿದವೆಂದು ಕೇಂದ್ರ ಸರ್ಕಾರದ ವರದಿ ಹೇಳುತ್ತದೆ. ಎದುರುಬದುರು ಡಿಕ್ಕಿಗಿಂತಲೂ ಇವೇ ಹೆಚ್ಚು.

ಇನ್ನು ನಾವು ಸರಿಯಾದ ಅಂತರದಲ್ಲಿದ್ದು, ನಮ್ಮ ಹಿಂದಿನವನು ಅಂಟಿಕೊಂಡು ಹಾರನ್ ಹೊಡೆಯುತ್ತಿದ್ದರೆ ಏನು ಮಾಡುವುದು ಎಂದು ಹಲವರು ಕೇಳಿದ್ದಾರೆ. ಅವನಿಗೆ ಬುದ್ಧಿ ಕಲಿಸಲೆಂದು ಬ್ರೇಕ್ ಒತ್ತುವುದು ಶುದ್ಧ ಅವಿವೇಕ. ನಮ್ಮ ಮುಂದಿನ ಅಂತರವನ್ನು ಇನ್ನೂ ಎರಡು ಎಣಿಕೆಯಷ್ಟು ಹೆಚ್ಚಿಸಬೇಕು. ಆಗ ನಮಗೆ ಗಕ್ಕನೆ ಬ್ರೇಕ್ ಹಾಕುವ ಪ್ರಸಂಗವೇ ಬಾರದು, ಮೆಲ್ಲಗೆ ನಿಲ್ಲಬಹುದು, ಅವನಿಗೂ ಹೊತ್ತು ಸಿಗುತ್ತದೆ. ಜಾಗ ಸಿಕ್ಕಿದಲ್ಲಿ ಎಡಕ್ಕೆ ಸರಿದು ಅವನನ್ನು ಮುಂದೆ ಬಿಟ್ಟುಬಿಡಬೇಕು. ಮದುವೆ ದಿಬ್ಬಣದ ವ್ಯಾನುಗಳು, ಚುಂಚನಕಟ್ಟೆ, ಕಪ್ಪಡಿ ಜಾತ್ರೆಗೆ ಹೊರಟ ಗಾಡಿಗಳು ಒಂದರ ಬಾಲ ಒಂದು ಹಿಡಿದು ಹೋಗುವುದನ್ನೂ ನೋಡುತ್ತೇವೆ. ದಾರಿ ಗೊತ್ತಿಲ್ಲವೆಂದು ಹಾಗೆ ಮಾಡುತ್ತಾರೆ. ಹೊರಡುವ ಮೊದಲೇ ಇಂಥ ಊರಿನ ಅರಳಿಕಟ್ಟೆಯ ಬಳಿ ಎಲ್ಲರೂ ಸೇರುವುದೆಂದು ಗೊತ್ತುಮಾಡಿಕೊಂಡರೆ ಆಯಿತು.

ಆ ಹುಡುಗ ಈಗ ಮತ್ತೆ ಗಾಡಿ ಓಡಿಸುತ್ತಿದ್ದಾನೆ. ಹೋದ ತಿಂಗಳು ನಾವು ಅವನ ಪಕ್ಕದಲ್ಲಿ ಕುಳಿತು ಕೆ.ಆರ್. ನಗರದವರೆಗೆ ಹೋದೆವು. ಮೊದಮೊದಲು ನಾಚಿಕೊಂಡು ಮನಸ್ಸಿನಲ್ಲೇ ಎಣಿಸುತ್ತಿದ್ದವನು ಆಮೇಲೆ ಗಟ್ಟಿಯಾಗಿಯೇ ಎಣಿಸತೊಡಗಿದ. ದಾರಿಯಲ್ಲಿ ಆರು ಸಲ ಬೇರೆ ಗಾಡಿಗಳು ನಡುವೆ ನುಗ್ಗಿದವು. ಆರು ಸಲವೂ ಕಾಲೆತ್ತಿ, ಮುಂದಿನ ಕಂಬ ಹುಡುಕಿ, ಸಾವಿರದ ಒಂದರಿಂದ ಮತ್ತೆ ಶುರುಮಾಡಿದ.

ಒಂಬತ್ತಡಿ ಗಂಟಿನ ಹಗ್ಗ ಕಛೇರಿಯಲ್ಲೇ ಇದೆ. ತಮ್ಮ ಮನೆಯ ಮುಂದಿನ ರಸ್ತೆಯಲ್ಲಿ ಹದಿನೈದು ಮರದ ದೂರ ಎಷ್ಟೆಂದು ಮಕ್ಕಳಿಗೆ ಎಳೆದು ತೋರಿಸಬೇಕೆನ್ನುವವರು ಒಯ್ಯಬಹುದು. ಗುಣಿ ತೆಗೆಸುವ ಕಾಲ ಹತ್ತಿರ ಬರುತ್ತಿರುವುದರಿಂದ ಎರಡು ದಿನದೊಳಗೆ ಹಿಂದಿರುಗಿಸತಕ್ಕದ್ದು.